ಕುರ್ಚಿಯ ಮೇಲಿನ ಪೈನ್ ಕಾಯಿ

ಇಂಗ್ಲೆಂಡಿನ ಮಗಳ ಮನೆಗೆ ಡಿಸೆಂಬರಿನಲ್ಲಿ ಹೋಗಬಾರದು. ಮಧ್ಯಾಹ್ನದ ನಿದ್ದೆ ಮುಗಿಸಿ ಎದ್ದರೆ ಹೊರಗೆ ರಾತ್ರಿ. ಸಾಲದ್ದಕ್ಕೆ ಮಗಳು, "ಅಪ್ಪಾ, ವಿಕ್ಟೋರಿಯಾ ಕಾಲದ ಕ್ರಿಸ್‌ಮಸ್ ನೋಡಿಬರೋಣ" ಎಂದು ನಮ್ಮಿಬ್ಬರನ್ನೂ ಹಳೆಯ ಬಂಗಲೆಯೊಂದಕ್ಕೆ ಹೊರಡಿಸಿದಳು. ಅದೀಗ ವಸ್ತುಸಂಗ್ರಹಾಲಯ.

ಒಳಗೆ ಮಬ್ಬುಗತ್ತಲೆ. ಕರೆಂಟು ಹೋಗಿದೆಯೆಂದುಕೊಂಡು ನನ್ನವಳು ಮೊಬೈಲಿನ ಟಾರ್ಚ್ ಹಚ್ಚಿದಳು. ಹೆಚ್ಚು ಬೆಳಕು ಬಿದ್ದರೆ ಪರದೆ, ರತ್ನಗಂಬಳಿಗಳ ಬಣ್ಣ ಮಾಸುತ್ತದೆಯೆಂದು ಮಗಳು ಕಿವಿಯಲ್ಲಿ ಹೇಳಿ ಆರಿಸಿದಳು.

ನಡುಮನೆಯಲ್ಲಿ ಸಿಂಗರಿಸಿದ ಮರ. ರಾಣಿ ವಿಕ್ಟೋರಿಯಾ, ಆಲ್ಬರ್ಟ್ ಮತ್ತು ಮಕ್ಕಳು ಇಂಥ ಮರದ ಸುತ್ತ ನಿಂತಿರುವ ಚಿತ್ರ 1848ರಲ್ಲಿ ಪತ್ರಿಕೆಯಲ್ಲಿ ಬಂದ ಮೇಲೆ ಅಲ್ಲಿನ ಮನೆಮನೆಗೂ ಮರದ ಹುಚ್ಚು ಹತ್ತಿತಂತೆ. ಆಗ ಕೊಂಬೆಗಳಿಗೆ ನಿಜವಾದ ಮೇಣದಬತ್ತಿ ಸಿಕ್ಕಿಸಿ, ಪಕ್ಕದಲ್ಲಿ ಒಂದು ಬಕೆಟ್ ನೀರನ್ನೂ ಇಟ್ಟುಕೊಳ್ಳುತ್ತಿದ್ದರು. ಈಗ ಬ್ಯಾಟರಿಯ ಬತ್ತಿ. ಒಂದು ಮಿಣುಕಿ ನಿಂತಾಗ ನನ್ನವಳು "ಶಾಂತವಾಯಿತು" ಎಂದಳು. ಹಬ್ಬದ ಮನೆಯಲ್ಲಿ ದೀಪ ಆರಿತು ಎನ್ನುವುದುಂಟೇ?

ನೆಲ ಗುಡಿಸುವ ಲಂಗ ತೊಟ್ಟ ವಯಸ್ಸಾದ ಸ್ವಯಂಸೇವಕಿಯೊಬ್ಬರು ಪ್ಲಮ್ ಪುಡಿಂಗಿನ ಕಥೆ ಶುರುಮಾಡಿದರು. ಅದರಲ್ಲಿ ಪ್ಲಮ್ ಹಣ್ಣೇ ಇರುವುದಿಲ್ಲ, ಇರುವುದು ಒಣದ್ರಾಕ್ಷಿ. ನನಗೇನೂ ಆಶ್ಚರ್ಯವಾಗಲಿಲ್ಲ, ಜಾಮೂನಿನಲ್ಲಿ ನೇರಳೆ ಹಣ್ಣು ಹುಡುಕಿದವರು ನಾವಲ್ಲ. ಆದರೆ ಕಥೆ ಒಣದ್ರಾಕ್ಷಿ ದಾಟುವಷ್ಟರಲ್ಲಿ ನನ್ನ ಮೊಣಕಾಲು ಮುಷ್ಕರ ಹೂಡಿತು. ಪಕ್ಕದಲ್ಲೇ ಕೆಂಪು ಮಖಮಲ್ಲಿನ ಕುರ್ಚಿ. ಅದರ ಮೇಲೊಂದು ಪೈನ್ ಮರದ ಕಾಯಿ. ಯಾವುದೋ ತುಂಟ ಮಗು ಮರದಿಂದ ಕಿತ್ತಿರಬೇಕು. ಎತ್ತಿ ಕೊಂಬೆಗೆ ಜೋಪಾನವಾಗಿ ಸಿಕ್ಕಿಸಿ, ಕುಳಿತೆ. ಕುರ್ಚಿ ಒಮ್ಮೆ ನರಳಿತು. ಪುಡಿಂಗಿನ ಕಥೆ ಅರ್ಧಕ್ಕೇ ನಿಂತಿತು.

ಆಕೆ ಹತ್ತಿರ ಬಂದು, ಸಾವಿನ ಮನೆಯಲ್ಲಿ ಮಾತನಾಡಿಸುವಷ್ಟು ಮೆತ್ತಗೆ, "ಆರಾಮವಾಗಿದ್ದೀರಾ?" ಎಂದು ಕೇಳಿದರು.

"ಬಹಳ! ಇಂಥ ಕುರ್ಚಿ ಈಗ ಎಲ್ಲಿ ಸಿಗುತ್ತದೆ?"

"ಎಲ್ಲಿಯೂ ಸಿಗುವುದಿಲ್ಲ" ಎಂದರು.

ಮಗಳ ಮುಖ ಮಖಮಲ್ಲಿಗಿಂತ ಕೆಂಪಾಗಿತ್ತು. ಕೂರಬಾರದ ಕುರ್ಚಿಯ ಮೇಲೆ ಹೀಗೆ ಪೈನ್ ಕಾಯಿ ಇಡುವುದು ಅಲ್ಲಿನ ಇಂಥ ಮನೆಗಳಲ್ಲಿ ರೂಢಿಯಂತೆ. ಬಂದವರ ಮುಖಕ್ಕೆ ಹೊಡೆದಂತೆ 'ಕೂರಬೇಡಿ' ಎಂದು ಬರೆಯಲು ಸಂಕೋಚ! ಊಟದ ಮನೆಯಲ್ಲಿ ಸಾಲಾಗಿ ಕುಳಿತಿದ್ದ ಕಾಯಿಗಳನ್ನು ಕಂಡು, "ಎಂಥ ಅಲಂಕಾರ!" ಎಂದು ಹೊಗಳಿ ಬಂದಿದ್ದವನು ನಾನೇ. ನಮ್ಮ ಅಜ್ಜನ ಆರಾಮಕುರ್ಚಿಗೆ ಕಾಯಿ ಬೇಕಿರಲಿಲ್ಲ. ಅವರು ಹಿತ್ತಿಲಿನಲ್ಲಿ ಕೆಮ್ಮಿದರೆ ಸಾಕು, ಪಡಸಾಲೆಯಲ್ಲಿ ಕುರ್ಚಿ ಖಾಲಿಯಾಗುತ್ತಿತ್ತು.

ಬಾಗಿಲ ಬಳಿಯ ಬೆಂಚೊಂದನ್ನು ಆಕೆಯೇ ತೋರಿಸಿದರು. ಅದರ ಮೇಲೆ 'ದಯವಿಟ್ಟು ಕುಳಿತುಕೊಳ್ಳಿ' ಎಂದು ಬರೆದಿತ್ತು. ಹಾಗೆ ಬರೆಯಲು ಮಾತ್ರ ಸಂಕೋಚವಿಲ್ಲ.

ರಾತ್ರಿ ಕಾಫಿ ಲೋಟ ಹಿಡಿದು ಮಗಳ ಮನೆಯ ಸೋಫಾಕ್ಕೆ ಬಂದರೆ, ನನ್ನ ಜಾಗದಲ್ಲಿ ಒಂದು ಪೈನ್ ಕಾಯಿ. ಬಾಗಿಲ ಹಿಂದೆ ಮೊಮ್ಮಗಳ ಕಿಸಕಿಸ ನಗು. ನಾನು ನಿಂತೇ ಕಾಫಿ ಕುಡಿದೆ.