ಎಂಜಿನ್ ಬದಲಿಸಿದರೆ ಆರ್‌ಟಿಒಗೆ ತಿಳಿಸಬೇಕಿಲ್ಲ ಎಂಬುದು ತಪ್ಪು

'ಅದೇ ಮಾಡೆಲ್‌ನ ಎಂಜಿನ್ ಕೂರಿಸಿದರೆ ಚಾಸಿ ನಂಬರ್ ಬದಲಾಗದು, ಆರ್‌ಟಿಒಗೆ ಹೇಳಬೇಕಿಲ್ಲ, ಇನ್ಶೂರೆನ್ಸ್‌ನವರಿಗೆ ರಿನ್ಯೂವಲ್ ವೇಳೆ ತಿಳಿಸಿದರೆ ಸಾಕು' ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಚಾಸಿ (ಗಾಡಿಯ ಚೌಕಟ್ಟು) ನಂಬರ್ ಮಾತು ಸರಿ, ಉಳಿದದ್ದು ತಪ್ಪು.

ಆರ್‌ಸಿಯಲ್ಲಿ (ವಾಹನದ ನೋಂದಣಿ ಪತ್ರ) ಎಂಜಿನ್ ನಂಬರೂ ಇರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಮೊದಲೇ ಅನುಮತಿ ಪಡೆಯದೆ ಎಂಜಿನ್ ಬದಲಿಸಿದ್ದರೆ 14 ದಿನದೊಳಗೆ ನಿಮ್ಮ ವ್ಯಾಪ್ತಿಯ ಆರ್‌ಟಿಒಗೆ ಆರ್‌ಸಿ ಮತ್ತು ಶುಲ್ಕದೊಂದಿಗೆ ತಿಳಿಸಬೇಕು. ಕಾರಿನ ಮೇಲೆ ಸಾಲವಿದ್ದರೆ ಸಾಲ ಕೊಟ್ಟವರ ಲಿಖಿತ ಒಪ್ಪಿಗೆಯೂ ಬೇಕು. ಪೆಟ್ರೋಲ್ ಕಾರಿಗೆ ಡೀಸೆಲ್ ಎಂಜಿನ್ ಕೂರಿಸುವುದು ಬೇರೆಯೇ ವಿಷಯ: ಕಾಯ್ದೆ ಒಪ್ಪದ ಮಾರ್ಪಾಡಿಗೆ ಅದರ 182ಎ ಸೆಕ್ಷನ್ ಅಡಿ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ.

ಎಂಜಿನ್ ನಂಬರ್ ಕೊರೆದಿರುವುದು ಎಂಜಿನ್ನಿನ ಮುಖ್ಯ ಲೋಹದ ಭಾಗವಾದ ಬ್ಲಾಕ್ ಮೇಲೆ. ಹೆಡ್, ಪಿಸ್ಟನ್ ಮಾತ್ರ ಬದಲಿಸಿದರೆ ಆರ್‌ಟಿಒಗೆ ತಿಳಿಸುವ ತಾಪತ್ರಯವಿಲ್ಲ. ಬ್ಲಾಕ್ ಬದಲಾದರೆ ಉಂಟು. ಹಳೇ ನಂಬರನ್ನು ಹೊಸ ಬ್ಲಾಕಿಗೆ ಗ್ಯಾರೇಜಿನಲ್ಲಿ ಪಂಚ್ ಮಾಡಿಸಲೇಬೇಡಿ. ಸೆಕೆಂಡ್‌ಹ್ಯಾಂಡ್ ಎಂಜಿನ್ ಆದರೆ ಬಿಲ್ಲಿನಲ್ಲಿ ಅದರ ನಂಬರ್ ಬರೆಸಿ, ಅದು ಬಂದ ಗಾಡಿಯ ಆರ್‌ಸಿ ಪ್ರತಿ ಕೇಳಿ ಪಡೆಯಿರಿ. ಕದ್ದ ಮಾಲಾಗಿದ್ದರೆ ಪೊಲೀಸರು ಬರುವುದು ನಿಮ್ಮ ಮನೆಗೇ.

ಆರ್‌ಸಿ ತಿದ್ದುಪಡಿಯಾದ ಕೂಡಲೇ ಪಾಲಿಸಿಯಲ್ಲೂ ನಂಬರ್ ಬದಲಿಸಿ ಎಂಡಾರ್ಸ್‌ಮೆಂಟ್ (ತಿದ್ದುಪಡಿ ಪತ್ರ) ಪಡೆಯಿರಿ. ಅಪಘಾತದ ನಂತರ ಹಾನಿ ಪರಿಶೀಲಿಸುವ ಇನ್ಶೂರೆನ್ಸ್ ಸರ್ವೇಯರ್ ಎಂಜಿನ್, ಚಾಸಿ ನಂಬರ್‌ಗಳನ್ನು ತಾಳೆ ನೋಡುತ್ತಾರೆ. ಹೊಂದದಿದ್ದರೆ ನಿಮ್ಮ ಕಾರಿನ ರಿಪೇರಿ ಕ್ಲೇಮ್ ತಡೆಯಲು ಅದೇ ಕಾರಣವಾಗುತ್ತದೆ.

ದಯವಿಟ್ಟು ಆ ಸಂದೇಶವನ್ನು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.