ಬಣ್ಣ ಬಿಡಿ, ಮೀಸೆ ನೋಡಿ ಮಾರಾಯ್ರೇ

ಮತ್ತೆ ಶುರುವಾಯ್ತು. ಮಳೆ ಚೂರು ಹೊಳವಾಗಿದ್ದೇ ತಡ, ಸದಾಶಿವಗಡ ಕಡೆಯ ಗದ್ದೆಯದ್ದೊಂದು ಫೋಟೋ ಬೆಳಿಗ್ಗೆಯಿಂದ ಓಡಾಡ್ತಾ ಇದೆ: "ಕಾರವಾರದಲ್ಲಿ ಅಪರೂಪದ ಹಳದಿ ಪತಂಗ!" ಅದು ಪತಂಗವೂ ಅಲ್ಲ, ಅಪರೂಪದ್ದೂ ಅಲ್ಲ. ಕಾಮನ್ ಪಿಕ್ಚರ್‌ವಿಂಗ್, ವೈಜ್ಞಾನಿಕ ಹೆಸರು ರಯೋಥೆಮಿಸ್ ವೇರಿಗೇಟಾ. 1763ರಲ್ಲೇ ಜೀವವಿಜ್ಞಾನಿ ಲಿನೇಯಸ್ ಹೆಸರಿಟ್ಟ ಏರೋಪ್ಲೇನ್ ಚಿಟ್ಟೆ, ಅಂದ್ರೆ ಡ್ರ್ಯಾಗನ್‌ಫ್ಲೈ. ಹೆಸರಲ್ಲೇ ಕಾಮನ್ ಇದೆ ಸ್ವಾಮಿ!

ಹಿಂದಿನ ರೆಕ್ಕೆ ಬುಡದಲ್ಲಿ ವಿಪರೀತ ಅಗಲ. ಹಾಗಾಗಿ ಬಾಕಿ ಏರೋಪ್ಲೇನ್ ಚಿಟ್ಟೆಗಳಂತೆ ಸುಂಯ್ಯನೆ ಹೋಗೋದಿಲ್ಲ, ಪಟಪಟ ಬಡೀತಾ ತೇಲ್ತದೆ. ಅದರ ಮೇಲೆ ಹಳದಿ-ಕಪ್ಪು ಚಿತ್ತಾರ. ಹೆಣ್ಣಿಗಾದ್ರೆ ಮುಂದಿನ ರೆಕ್ಕೆಯ ತುದಿ ಕಡೆ ಅರ್ಧ ಬಣ್ಣವೇ ಇಲ್ಲ, ಆಚೆ ಕಾಣ್ತದೆ. ಅದನ್ನೇ ಬೇರೆ ಜಾತಿ ಅಂತ ಹಾಕುವ ಪಂಡಿತರೂ ಇದ್ದಾರೆ.

ಕೆಳಗೊಬ್ಬರ ಕಾಮೆಂಟು: "ಹಗಲು ಹಾರಿದ್ರೆ ಚಿಟ್ಟೆ, ರೆಕ್ಕೆ ಬಿಚ್ಚಿ ಕೂತ್ರೆ ಪತಂಗ." ಹೌದಾ? ನಮ್ಮ ಕಾಡಂಚಲ್ಲಿ ಸಿಗುವ ಬ್ಲೂ ಟೈಗರ್ ಮಾತ್, ಅಂದ್ರೆ ಡಿಸ್ಫೇನಿಯಾ ಪರ್ಕೋಟಾ, ಅಪ್ಪಟ ಪತಂಗ. ಹಾಡಹಗಲೇ ಹಾರ್ತದೆ. ಪಿಕ್ಚರ್‌ವಿಂಗೂ ಹಗಲೇ. ಎರಡೂ ರೆಕ್ಕೆ ಬಿಚ್ಚಿಯೇ ಕೂರ್ತವೆ. ನಿಮ್ಮ ಸೂತ್ರ ಎಲ್ಲಿ ಹೋಯ್ತು? (ಬ್ಲೂ ಟೈಗರ್ ಅಂತ ಒಂದು ಚಿಟ್ಟೆಯೂ ಇದೆ. ಆ ಜಗಳ ಇನ್ನೊಂದು ದಿನ.)

ತಲೆ ನೋಡಿ, ತಲೆ. ಪಿಕ್ಚರ್‌ವಿಂಗ್‌ನ ತಲೆ ಹೆಚ್ಚುಕಮ್ಮಿ ಪೂರ್ತಿ ಕಣ್ಣೇ. ಮೀಸೆ, ಅಂದ್ರೆ ತಲೆ ಮೇಲಿನ ಜೋಡಿ ಕಡ್ಡಿ, ಇದೆಯೋ ಇಲ್ಲವೋ ಅನ್ನುವಷ್ಟು ಮೋಟು. ಪತಂಗದ ಮೀಸೆ ಎದ್ದು ಕಾಣ್ತದೆ. ಆಮೇಲೆ ರೆಕ್ಕೆ ಝೂಮ್ ಮಾಡಿ. ನರಗಳ ಬಲೆ, ಮುಂದಿನ ಅಂಚಿನಲ್ಲೊಂದು ಗಂಟು, ತುದಿ ಹತ್ತಿರ ಸಣ್ಣ ಗಟ್ಟಿ ಚುಕ್ಕೆ ಕಂಡ್ರೆ ಏರೋಪ್ಲೇನ್ ಚಿಟ್ಟೆ. ಪತಂಗದ ಬಣ್ಣ ಹುಡಿಯದ್ದು, ಮುಟ್ಟಿದ್ರೆ ಬೆರಳಿಗೇ ಬರ್ತದೆ. ಮುಟ್ಬೇಡಿ. ಬಿಸಿಲು ನಿಮ್ಮ ಬೆನ್ನಿಗಿರಲಿ, ಪಕ್ಕದಿಂದ ಇನ್ನೊಂದು ಫೋಟೋ ತೆಗೀರಿ, ಫೋಕಸ್ ತಲೆ ಮೇಲೆ. ದೂರದಿಂದ ತೆಗೆದ ಒಂದೇ ಫೋಟೋದಲ್ಲಿ ಬಣ್ಣ ಬಿಟ್ರೆ ಎಂತದೂ ಸಿಗೋದಿಲ್ಲ.

"ಯಾವುದಾದ್ರೆ ಎಂತ, ಚಂದ ಇದ್ಯಲ್ಲ" ಅಂತೀರಿ. ಚಂದ ಇದೆ, ಒಪ್ಪಿದೆ. ಆದ್ರೆ ಪಿಕ್ಚರ್‌ವಿಂಗ್‌ನ ಮರಿ ನಿಂತ ನೀರಲ್ಲಿ ಬೇಟೆಯಾಡಿ ಬೆಳೀತದೆ, ಕೋಶ ಕಟ್ಟೋದೇ ಇಲ್ಲ. ಡಿಸ್ಫೇನಿಯಾದ ಹುಳಕ್ಕೆ ಕ್ಯಾರಲಿಯಾ ಮರದ ಎಲೆ ಬೇಕು, ಆಮೇಲೆ ಕೋಶ. ಗದ್ದೆಗೆ ಮಣ್ಣು ತುಂಬಿ ಸೈಟ್ ಮಾಡಿದ ಮೇಲೆ ಸುತ್ತ ಎಷ್ಟು ಮರ ನೆಟ್ರೂ ಪಿಕ್ಚರ್‌ವಿಂಗ್ ಬರೋದಿಲ್ಲ.

ನನ್ನ ಪಿತ್ತ ನೆತ್ತಿಗೇರಿಸಿದ್ದು ಇದ್ಯಾವುದೂ ಅಲ್ಲ, ಅದೇ ಫೋಟೋದ ಕೆಳಗಿನ ಕೊನೇ ಸಲಹೆ: "ಪತಂಗ ಬಂದಿದೆ ಅಂದ್ರೆ ಭತ್ತಕ್ಕೆ ಹುಳ ಬೀಳ್ತದೆ, ಬೇಗ ಔಷಧಿ ಹೊಡೀರಿ." ಸೊಳ್ಳೆ, ನೊಣ, ಸಣ್ಣ ಪತಂಗ ಹಿಡಿದು ತಿನ್ನುವುದಕ್ಕೇ ಗದ್ದೆ ಮೇಲೆ ಸುತ್ತುವ ಜೀವಕ್ಕೆ ಔಷಧಿ! ಆ ಕಾಮೆಂಟಿಗೆ ನಲವತ್ತು ಜನ ಥಂಬ್ಸ್ ಅಪ್ ಬೇರೆ ಕೊಟ್ಟಿದ್ದಾರೆ.