ಚಿನ್ನದ ಜಿರಾಫೆಯೂ ಎರಡು ಬಗೆಯ ‘ದೀಯ್’ ಕೂಡ

ಹಂಗೇರಿ ಭಾಷೆಯಲ್ಲಿ ‘ದೀಯ್’ ಎಂದರೆ ಪ್ರಶಸ್ತಿ. ನೊಬೆಲ್ ಕೂಡ ಅಲ್ಲಿ ನೊಬೆಲ್-ದೀಯ್. ಸರಿ, ಆದರೆ ಓದಿಗೆ ಕಟ್ಟುವ ಫೀಸೂ ದೀಯೇ, ‘ತನ್‌ದೀಯ್’. ಹಾಡಿಗೆ ಬರುವ ರಾಯಲ್ಟಿ ‘ಯೋಗ್‌ದೀಯ್’. ಹಾರ ಹಾಕಿದರೂ ದೀಯ್, ಹಣ ಎಣಿಸಿದರೂ ದೀಯ್.

ಅಲ್ಲಿನ ಜನಪ್ರಿಯ ಗಾಯಕರ, ಬ್ಯಾಂಡುಗಳ ದೊಡ್ಡ ಪ್ರಶಸ್ತಿ 1992ರಲ್ಲಿ ಶುರುವಾದದ್ದು ‘ಚಿನ್ನದ ಜಿರಾಫೆ’ ಎಂಬ ಹೆಸರಿನಲ್ಲಿ. ಸಂಗೀತಕ್ಕೆ ಜಿರಾಫೆ! ಕತ್ತು ಅಷ್ಟುದ್ದ, ಕಂಠ ಕೇಳಿದವರು ಮಾತ್ರ ಅಪರೂಪ. 2004ರಲ್ಲಿ ಅದನ್ನು ‘ಫೋನೋಗ್ರಾಮ್’, ಅಂದರೆ ಧ್ವನಿಮುದ್ರಿಕೆ, ಮಾಡಿದರು. ಲೆಟರ್‌ಹೆಡ್ಡಿಗೆ ಒಪ್ಪುವ ಹೆಸರು, ಅಷ್ಟೇ. ಜಿರಾಫೆ ಸಿಕ್ಕಿತು ಎಂದರೆ ಮನೆಯ ಮಗುವೂ ಓಡಿ ಬರುತ್ತಿತ್ತು.

ಕೊಡುವವರು ‘ಮಹಾಸ್’, ಅಂದರೆ ಧ್ವನಿಮುದ್ರಣ ಕಂಪನಿಗಳ ಒಕ್ಕೂಟ. ಲೆಕ್ಕಕ್ಕೆ ಬರುವುದು ಹಿಂದಿನ ವರ್ಷದ ಮುದ್ರಣಗಳು. ಪಾಪ್, ರಾಕ್, ಹಿಪ್‌ಹಾಪ್ ಎಂದು ಪ್ರಕಾರಗಳ ವಿಂಗಡಣೆ. ದೇಶೀ ಆಲ್ಬಂಗೆ ಬೇರೆ, ವಿದೇಶಿ ಆಲ್ಬಂಗೆ ಬೇರೆ. ತೊಡಕಿರುವುದು ಈ ಗೂಡುಗಳಲ್ಲೇ. ಹಳ್ಳಿಯ ಪಿಟೀಲಿಗೆ ಕಂಪ್ಯೂಟರ್ ತಾಳ ಕಟ್ಟಿದವನನ್ನು ಯಾವ ಗೂಡಿಗೆ ತಳ್ಳುವುದು?

ಇನ್ನು ಎರಡನೆಯ ದೀಯ್, ರಾಯಲ್ಟಿ. ರೇಡಿಯೋದಲ್ಲಿ ಒಂದು ಹಾಡು ಬಂದರೆ ಹಣ ಮೂರು ದಾರಿ ಹಿಡಿಯುತ್ತದೆ. ರಾಗ ಹಾಕಿದವರದೂ ಸಾಹಿತ್ಯ ಬರೆದವರದೂ ‘ಆರ್ತಿಷ್ಯುಷ್’ ಎಂಬ ಸಂಸ್ಥೆಯ ಮೂಲಕ, ಹಾಡಿದವರು ನುಡಿಸಿದವರದು ಕಲಾವಿದರ ಹಕ್ಕಿನ ಕಚೇರಿಯ ಮೂಲಕ, ಕಂಪನಿಯದು ಮಹಾಸ್ ಮೂಲಕ. ತಮಾಷೆಯೆಂದರೆ ಆರ್ತಿಷ್ಯುಷ್ ಕೂಡ ವರ್ಷಾವರ್ಷ ಪ್ರಶಸ್ತಿ ಕೊಡುತ್ತದೆ. ಒಂದೇ ಮನೆಯಿಂದ ಎರಡೂ ದೀಯ್! ಮೊದಲನೆಯದಕ್ಕೆ ಚಪ್ಪಾಳೆ, ಎರಡನೆಯದಕ್ಕೆ ಅರ್ಜಿ. ಹಾಡನ್ನು ನೋಂದಾಯಿಸಿ, ಯಾರ ಪಾಲು ಎಷ್ಟೆಂದು ಬರೆದುಕೊಡದಿದ್ದರೆ ಊರೆಲ್ಲ ಗುನುಗಿದರೂ ಹಣಕ್ಕೆ ವಿಳಾಸ ಸಿಗುವುದಿಲ್ಲ.

ಅದಕ್ಕೆ ಹೆಸರಿನ ಪೇಚಾಟ ಬೇರೆ. ಹಂಗೇರಿಯಲ್ಲಿ ಮನೆತನದ ಹೆಸರು ಮೊದಲು: ಅಲ್ಲಿನ ಹೆಸರಾಂತ ಸಂಗೀತ ರಚನೆಕಾರರು ಬಾರ್ತೋಕ್ ಬೇಲಾ, ಲಿಸ್ಟ್ ಫೆರೆಂತ್ಸ್. 1952ರಿಂದ ಸರ್ಕಾರ ಸಂಗೀತಗಾರರಿಗೆ ಕೊಡುತ್ತಿರುವ ಪ್ರಶಸ್ತಿಯೂ ‘ಲಿಸ್ಟ್ ಫೆರೆಂತ್ಸ್ ದೀಯ್’. ಗಡಿ ದಾಟಿದೊಡನೆ ಹೆಸರು ಮಗುಚಿಕೊಳ್ಳುತ್ತದೆ, ಅಕ್ಷರದ ತಲೆ ಮೇಲಿನ ಗೀಟುಗಳು ಉದುರುತ್ತವೆ. ವೇದಿಕೆಯಲ್ಲಿ ಯಾವ ತುದಿಯಿಂದ ಕೂಗಿದರೂ ಕಲಾವಿದ ಎದ್ದು ಬಂದಾನು. ರಾಯಲ್ಟಿ ಹಂಚುವ ಕಂಪ್ಯೂಟರಿಗೆ ಮಾತ್ರ ಅವರು ಇಬ್ಬರು ಬೇರೆ ಬೇರೆ ಆಸಾಮಿಗಳು.